ಅಕ್ಕನ ಗಡ್ಡೆ ಕದ್ದವರು ಯಾರು?

ತಟ್ಟೆ ಇರಲಿಲ್ಲ.

ಲ್ಯಾಬಿನ ಮುಖ್ಯಸ್ಥೆ ಇನ್ಕ್ಯುಬೇಟರಿನ ಬಾಗಿಲು ಮುಚ್ಚಿ ಮತ್ತೆ ತೆಗೆದರು. ಆಗಲೂ ಇರಲಿಲ್ಲ. ಉಳಿದ ರೋಗಿಗಳ ತಟ್ಟೆಗಳೆಲ್ಲ ಸಾಲಾಗಿ ಕೂತಿದ್ದವು. ನಡುವೆ ಅಂಗೈಯಗಲದ ಜಾಗ ಮಾತ್ರ ಖಾಲಿ.

ಪೊಲೀಸರಿಗಾಗಿ ದೂರ ಹೋಗಬೇಕಿರಲಿಲ್ಲ. ಆ ತಟ್ಟೆಯ ರೋಗಿಯ ತಮ್ಮ ಇನ್ಸ್‌ಪೆಕ್ಟರ್. ಅಕ್ಕನನ್ನು ಆಸ್ಪತ್ರೆಗೆ ಕರೆತಂದು, ಕೆಳಗಿನ ಮಹಡಿಯಲ್ಲಿ ಅವಳ ಪಕ್ಕ ಕೂತಿದ್ದ. ಫೋನ್ ಬಂದದ್ದೇ ಮೆಟ್ಟಿಲು ಹಾರಿಕೊಂಡು ಬಂದ.

"ಏನು ಕಳುವಾಗಿದೆ ಮೇಡಂ?"

"ನಿಮ್ಮ ಅಕ್ಕನ ಗಡ್ಡೆ."

"ಅದನ್ನ ಆಪರೇಷನ್ ಮಾಡಿ ನೀವೇ ತೆಗೆದ್ರಲ್ಲ. ಕದಿಯೋಕೆ ಇನ್ನೇನು ಉಳಿದಿತ್ತು?"

ಮುಖ್ಯಸ್ಥೆ ಸುಸ್ತಾಗಿ ಸ್ಟೂಲಿನ ಮೇಲೆ ಕುಳಿತರು. "ಅದರದೇ ಒಂದು ಚೂರು ತಗೊಂಡು, ಈ ತಟ್ಟೆಯ ಗುಳಿಗಳಲ್ಲಿ ಪುಟ್ಟ ಪುಟ್ಟ ಉಂಡೆಗಳನ್ನ ಬೆಳೆಸಿದ್ವಿ. ಆರ್ಗನಾಯ್ಡ್ ಅಂತೀವಿ. ಗಡ್ಡೆಯ ಬುದ್ಧಿಯೇ ಅವಕ್ಕೂ. ಒಂದೊಂದು ಸಾಲಿಗೆ ಒಂದೊಂದು ಔಷಧಿ ಹಾಕಿದೀವಿ. ಯಾವ ಸಾಲು ಸಾಯುತ್ತೋ ಆ ಔಷಧಿ ನಿಮ್ಮ ಅಕ್ಕನಿಗೆ."

"ಇನ್ನೊಂದು ಸಲ ಬೆಳೆಸಿ."

"ಚೂರೆಲ್ಲ ಮುಗೀತು. ನಾಳೆ ಚಿಕಿತ್ಸೆ ಶುರು. ತಟ್ಟೆ ಸಿಗದಿದ್ರೆ ಯಾವುದೋ ಒಂದು ಔಷಧಿನ ಅಂದಾಜಿನ ಮೇಲೆ ಕೊಡಬೇಕು. ಹತ್ತಿದರೆ ಹತ್ತೀತು."

ಅಕ್ಕನ ವಿಷಯದಲ್ಲಿ ಅಂದಾಜು ಎಂಬ ಪದ ಕೇಳಲು ಇನ್ಸ್‌ಪೆಕ್ಟರ್ ತಯಾರಿರಲಿಲ್ಲ. ಅಮ್ಮ ಹೋದ ಮೇಲೆ ಅವನನ್ನು ಬೈದು, ಬಡಿದು, ಮನುಷ್ಯನನ್ನಾಗಿ ಮಾಡಿದವಳು ಅವಳು. ಇದೇ ಲ್ಯಾಬಿನ ಹಿರಿಯ ಟೆಕ್ನೀಷಿಯನ್ ಕೂಡ. ಊರವರ ಗಡ್ಡೆಗಳನ್ನೆಲ್ಲ ಮಕ್ಕಳಂತೆ ಸಾಕಿದವಳಿಗೆ ಕೊನೆಗೆ ತನ್ನದೇ ಗಂಟುಬಿದ್ದಿತ್ತು.

ಅವನು ಇನ್ಕ್ಯುಬೇಟರಿನೊಳಗೆ ಮೂಗು ತೂರಿಸಿದ. ಸ್ಪಿರಿಟ್ ವಾಸನೆ. ಹಿಡಿಕೆ, ತಟ್ಟೆ ಇಡುವ ಹಲಗೆ, ಒಳಗಿನ ಗಾಜಿನ ಬಾಗಿಲು ಎಲ್ಲ ಫಳಫಳ.

"ಬೆರಳಚ್ಚು ಒರೆಸಿದಾನೆ. ಪಳಗಿದ ಕೈ."

"ಅಯ್ಯೋ, ಇಲ್ಲಿ ಬಾಗಿಲು ತೆಗೆದವರೆಲ್ಲ ಒರೆಸಲೇಬೇಕು" ಎಂದರು ಮುಖ್ಯಸ್ಥೆ. "ಇಲ್ದಿದ್ರೆ ಬೂಷ್ಟು ಹಿಡಿಯುತ್ತೆ."

* * *

ಕಾರಿಡಾರಿನಲ್ಲಿ ಔಷಧಿ ಕಂಪನಿಯ ಪ್ರತಿನಿಧಿ ಸಿಕ್ಕಿದ. ಟೈ ಬಿಗಿದುಕೊಂಡು, ಎದೆಗೆ ಚೀಲ ಅಪ್ಪಿಕೊಂಡಿದ್ದ. ಇವನ ಕಂಪನಿಯ ಔಷಧಿ ಎರಡನೇ ಸಾಲಿನಲ್ಲಿತ್ತು. ಸೋತರೆ ಮುಖಭಂಗ.

"ಚೀಲ ತೆಗೀರಿ."

"ಸಾರ್, ಅದ್ರಲ್ಲಿ..."

"ತೆಗೀರಿ ಅಂದೆ."

ಒಳಗೆ ಒಂದು ಥರ್ಮೋಕೋಲ್ ಪೆಟ್ಟಿಗೆ. ಇನ್ಸ್‌ಪೆಕ್ಟರ್‌ಗೆ ಕಳ್ಳ ಕೈಗೆ ಸಿಕ್ಕಷ್ಟೇ ಖುಷಿಯಾಯಿತು. ಮುಚ್ಚಳ ಎತ್ತಿದರೆ ಇಂಜೆಕ್ಷನ್ ಬಾಟಲಿ, ಸುತ್ತ ಐಸ್ ಪ್ಯಾಕ್. ತಟ್ಟೆ ಇಲ್ಲ. ಖುಷಿ ಬಂದ ದಾರಿಯಲ್ಲೇ ವಾಪಸ್ ಹೋಯಿತು.

"ಐಸಲ್ಲಿಟ್ಟಿದ್ರೆ ಕಥೆ ಮುಗೀತಿತ್ತು" ಎಂದರು ಹಿಂದೆ ಬಂದ ಮುಖ್ಯಸ್ಥೆ. "ಉಂಡೆಗಳು ಒಂಥರಾ ಅಂಟಿನೊಳಗೆ ಕೂತಿರ್ತವೆ. ತಣ್ಣಗಾದ್ರೆ ಅದು ನೀರಾಗುತ್ತೆ. ಮೈ ಬಿಸಿ ಎಷ್ಟಿರುತ್ತೋ ಅಷ್ಟೇ ಬಿಸಿ ಬೇಕು ಅವಕ್ಕೆ."

"ಹೊರಗೆ ಒಯ್ಯೋವಾಗ?"

"ಬಿಸಿ ಪೆಟ್ಟಿಗೆ ಇದೆ. ಅದು ಅಲ್ಲೇ ಇದೆ, ಯಾರೂ ಮುಟ್ಟಿಲ್ಲ."

ಪ್ರತಿನಿಧಿ ಬೆವರು ಒರೆಸಿಕೊಂಡ. ಇನ್ಸ್‌ಪೆಕ್ಟರ್ ಕ್ಷಮೆ ಕೇಳಿದ. ಪೊಲೀಸರ ಬಾಯಲ್ಲಿ ಆ ಮಾತು ಕೇಳಿ ಪ್ರತಿನಿಧಿಗೆ ಇನ್ನಷ್ಟು ಗಾಬರಿಯಾಯಿತು.

* * *

ಅಕ್ಕನಿಗೆ ಹೇಗೆ ಹೇಳುವುದು? ಬಾಯಲ್ಲಿ ಮಾತು ಕೂಡಿಸಿಕೊಂಡೇ ಕೆಳಗಿಳಿದ. ಅಕ್ಕ ಕುರ್ಚಿಯಲ್ಲೇ ಇದ್ದಳು. ಸೆಕೆಗೆ ಎಲ್ಲರೂ ಕಾಗದದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರೆ ಇವಳೊಬ್ಬಳು ಶಾಲು ಹೊದ್ದು, ಎಡಪಕ್ಕೆಗೆ ಕೈ ಒತ್ತಿ ಹಿಡಿದಿದ್ದಳು.

"ಹೊಲಿಗೆ ನೋಯ್ತಿದೆಯಾ ಅಕ್ಕಾ?"

"ಸ್ವಲ್ಪ."

"ನಿನ್ನ ತಟ್ಟೆ ಕಳುವಾಗಿದೆ."

"ಹೌದಾ? ಹುಡುಕು ಹೋಗು. ಅದಕ್ಕೇ ಅಲ್ವಾ ಸರ್ಕಾರ ನಿನಗೆ ಟೋಪಿ ಕೊಟ್ಟಿರೋದು?"

ಅವನು ಮೆಟ್ಟಿಲಿನ ಅರ್ಧಕ್ಕೆ ಬಂದು ನಿಂತ. ಲ್ಯಾಬಿನಲ್ಲಿ ಕರೆಂಟ್ ಕಣ್ಣು ಮಿಟುಕಿಸಿದರೂ ರಜೆಯ ದಿನ ಫೋನ್ ಹಚ್ಚಿ ಪ್ರಾಣ ಹಿಂಡುವ ಅಕ್ಕ ಇಷ್ಟು ತಣ್ಣಗೆ ಮಾತಾಡಿದ್ದಳು.

ತಿರುಗಿ ಓಡಿದ. ಕುರ್ಚಿ ಖಾಲಿ.

* * *

ಅದೇ ಮಹಡಿಯ ಕಾರಿಡಾರಿನ ತುದಿಯಲ್ಲಿ, ಲ್ಯಾಬಿಗೆ ಬಂದ ಹೊಸಬರ ತರಬೇತಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಳೆಯ ಸೂಕ್ಷ್ಮದರ್ಶಕದ ಮುಂದೆ ಅಕ್ಕ ಕೂತಿದ್ದಳು. ಅದರ ದೀಪ ಹಾಕಿತ್ತು. ಅವಳ ಕಣ್ಣು ಮಾತ್ರ ಕಿಟಕಿಯ ಹೊರಗೆ.

"ತಟ್ಟೆ ಕೊಡಕ್ಕಾ."

"ಯಾವ ತಟ್ಟೆ?"

"ಎಡಪಕ್ಕೆಯಲ್ಲಿರೋದು. ನಿನಗೆ ಆಪರೇಷನ್ ಆಗಿದ್ದು ಬಲಗಡೆ. ಹೊಲಿಗೆ ಎಲ್ಲಿದೆ ಅನ್ನೋದೂ ಮರೆತುಹೋಯ್ತಾ?"

ಅಕ್ಕ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ಕದ್ದವನಿಗೆ ತಟ್ಟೆ ಹಾಳುಮಾಡೋದೇ ಬೇಕಿದ್ದರೆ ಅಲ್ಲೇ ಸ್ವಲ್ಪ ಸ್ಪಿರಿಟ್ ಸುರೀತಿದ್ದ. ಒಳಗಿನ ಬಾಗಿಲು ಒರೆಸಿ, ಪಕ್ಕದವರ ತಟ್ಟೆಗೆ ತೊಂದರೆಯಾಗದ ಹಾಗೆ ಮುಚ್ಚೋ ಕಳ್ಳನನ್ನ ನಾನು ನೋಡಿಲ್ಲ. ಅದು ಲ್ಯಾಬಿನವರ ಅಭ್ಯಾಸ. ತಟ್ಟೆ ಬದುಕಬೇಕು, ಆದ್ರೆ ಬಿಸಿ ಪೆಟ್ಟಿಗೆ ಮುಟ್ಟಿಲ್ಲ. ಮೈ ಬಿಸಿ ಸಾಕು ಅಂದ್ರು ಮೇಡಂ. ಬೆಳಿಗ್ಗೆ ಎಲ್ಲರನ್ನೂ ಮಾತಾಡಿಸಿ ಬರ್ತೀನಿ ಅಂತ ಲ್ಯಾಬಿಗೆ ಹೋದವಳು ನೀನು. ಇಂಥ ಸೆಕೇಲಿ ಶಾಲು ಬೇರೆ."

ಅಕ್ಕ ಶಾಲು ಸರಿಸಿದಳು. ಬಟ್ಟೆಯೊಳಗಿಂದ, ಸುತ್ತಲೂ ಟೇಪ್ ಹಚ್ಚಿದ ತಟ್ಟೆ ಹೊರಬಂತು.

"ಯಾಕಕ್ಕಾ?"

"ಇಷ್ಟು ವರ್ಷ ಎಲ್ಲರ ಹಣೆಬರಹಾನೂ ಅವರಿಗಿಂತ ಮೊದಲು ನೋಡ್ತಿದ್ದವಳು ನಾನು" ಎಂದಳು. "ಕೆಲವು ತಟ್ಟೇಲಿ ಯಾವ ಸಾಲೂ ಸಾಯಲ್ಲ ಕಣೋ. ಆಮೇಲೆ ಆ ರೋಗಿ ಕಾರಿಡಾರಲ್ಲಿ ಸಿಕ್ಕು ನಕ್ಕರೆ ನಾನೂ ನಗಬೇಕು. ಹಾಗೆ ನನ್ನ ನೋಡಿ ಯಾರೂ ನಗಬಾರದು ಅನ್ನಿಸ್ತು. ನನ್ನದನ್ನ ನಾನೇ ಮೊದಲು ನೋಡ್ಬೇಕು."

"ನೋಡಿದ್ಯಾ?"

"ಧೈರ್ಯ ಬರ್ಲಿಲ್ಲ."

ಇನ್ಸ್‌ಪೆಕ್ಟರ್ ತಟ್ಟೆಯನ್ನು ಜೀವ ಕೈಯಲ್ಲಿ ಹಿಡಿದಂತೆ ಹಿಡಿದು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದ.

"ಏನು ಕಾಣುತ್ತೆ?"

"ಗುಂಡುಗುಂಡಗೆ, ನುಣ್ಣಗೆ, ಬಟಾಣಿ ಥರ."

"ಬದುಕಿವೆ. ಮುಂದಿನ ಸಾಲು?"

"ಇವೂ ಬಟಾಣಿ."

ಕಂಪನಿಯವನ ಸಾಲು ಅದು. ಅಕ್ಕ ಅವನ ತೋಳು ಹಿಡಿದುಕೊಂಡಳು. ಮೂರನೆಯದೂ ಬಟಾಣಿಯೇ. ಅವಳ ಉಗುರು ಅವನ ಚರ್ಮಕ್ಕೆ ಇಳಿಯಿತು. ಅವನು ತಟ್ಟೆಯನ್ನು ಮೆಲ್ಲಗೆ ಸರಿಸಿದ.

"ಅಕ್ಕಾ, ಇಲ್ಲೇನೋ ಗಲೀಜಾಗಿದೆ. ಉಂಡೇನೇ ಇಲ್ಲ. ಕಪ್ಪಗೆ ಪುಡಿಪುಡಿ."

"ಯಾವ ಗುಳಿ?"

"ಈ ಸಾಲು ಪೂರ್ತಿ ಹಾಗೇ ಇದೆ."

ಅಕ್ಕ ಅವನನ್ನು ಪಕ್ಕಕ್ಕೆ ತಳ್ಳಿ ಕಣ್ಣಿಟ್ಟಳು. ಒಂದು ಗುಳಿ, ಇನ್ನೊಂದು ಗುಳಿ, ಮತ್ತೆ ಮೊದಲಿನದು. ಬಾಗಿಲಲ್ಲಿ ಮುಖ್ಯಸ್ಥೆ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ತಲೆ ಎತ್ತಲಿಲ್ಲ.

"ಬೈಯೋದೆಲ್ಲ ಆಮೇಲೆ ಬೈಯಿರಿ ಮೇಡಂ. ನಾಲ್ಕನೇ ಸಾಲು ನೋಡಿ. ಜೀವ ಇದೆಯಾ ಅಂತ ಅಳೆಯೋ ಮೆಷಿನ್‌ಗೂ ಹಾಕಿ ಖಾತ್ರಿ ಮಾಡಿಕೊಳ್ಳಿ."

ಮುಖ್ಯಸ್ಥೆ ನೋಡಿದರು. ಬೈಯಲು ತಂದಿದ್ದ ಮಾತೆಲ್ಲ ಮರೆತು ಅವಳ ಹೆಗಲ ಮೇಲೆ ಕೈ ಇಟ್ಟರು.

ಇನ್ಸ್‌ಪೆಕ್ಟರ್‌ಗೆ ತಡೆಯಲಾಗಲಿಲ್ಲ. "ಸತ್ತಿವೆಯಾ ಅವು?"

"ಸತ್ತಿವೆ ಕಣೋ" ಎಂದಳು ಅಕ್ಕ, ಅಳುತ್ತ, ನಗುತ್ತ. "ಒಂದೂ ಬಿಡದೆ ಸತ್ತಿವೆ."

ಅವನ ಇಡೀ ನೌಕರಿಯಲ್ಲಿ ಯಾವ ಸಾವಿನ ಸುದ್ದಿಯೂ ಅವನಿಗೆ ಇಷ್ಟು ಸಂತೋಷ ಕೊಟ್ಟಿರಲಿಲ್ಲ.