ಮೊಹರಿನ ಕೆಳಗಿನ ನೆಲ

ಕನ್ನಡಕ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಮಕ್ಬೂಲ್‌ಸಾಬ ಗಕ್ಕನೆ ನಿಂತುಬಿಟ್ಟ.

“ಅಕ್ಕೋರೆ, ಇಲ್ಲಿ ಕಂದಕ ಯಾರ್ ತೋಡ್ಯಾರ್ರೀ? ತಳಾನೇ ಕಾಣವಲ್ದು!”

ಆತನ ಕಾಲ ಕೆಳಗೆ ಇದ್ದದ್ದು ನೀಲಂಪುರದ ಹೊರವಲಯದ ಕೆಂಪು ಕಲ್ಲಿನ ಬಯಲು. ಕನ್ನಡಕದೊಳಗೆ ಕಾಣುತ್ತಿದ್ದದ್ದು ಅದೇ ಬಯಲು, ಆದರೆ ನೂರ ಹತ್ತು ವರ್ಷಗಳ ಹಿಂದಿನದು. ಬೇಲಿಯಿಲ್ಲ, ಹೆದ್ದಾರಿಯಿಲ್ಲ, ಜೋಳದ ಹೊಲ, ಎತ್ತಿನ ಗಾಡಿಯ ಜಾಡು. ಅದರ ನಟ್ಟನಡುವೆ ಮಾತ್ರ ಚಾಕುವಿನಿಂದ ಕೊಯ್ದ ಹಾಗೆ ನೇರ ಅಂಚಿನ ಪಾತಾಳ.

“ಕಂದಕ ಅಲ್ಲ ಮಕ್ಬೂಲ್ ಭಾಯ್, ಅದು ಅಕ್ಷರ. ಕಂಪನಿ ಮೊಹರು,” ಎಂದಳು ವೈಜಯಂತಿ ಮಾನಕರಿ. ತಾನು ಹನ್ನೊಂದು ವರ್ಷ ಕೂತು ಕಟ್ಟಿದ ಯಂತ್ರ ಮೊದಲ ದಿನವೇ ಹೀಗೆ ಇನ್ನೊಬ್ಬರ ಹೆಸರಿನ ಗುಂಡಿಗೆ ಬೀಳಬೇಕೆ?

ಯಂತ್ರಕ್ಕೆ ಅವಳು ಇಟ್ಟ ಹೆಸರು ‘ಹಿನ್ನೆಲ’. ಸರ್ವೇ ವಿಮಾನಗಳು ಒಂದು ಕಾಲಕ್ಕೆ ನೆಟ್ಟಗೆ ಹಾರುತ್ತ, ಕೆಲವು ಕ್ಷಣಕ್ಕೊಮ್ಮೆ ಕೆಳಗಿನ ನೆಲದ ಚಿತ್ರ ತೆಗೆಯುತ್ತಿದ್ದವು. ಪ್ರತಿ ಚಿತ್ರದಲ್ಲೂ ಹಿಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಮತ್ತೆ ಬರುತ್ತಿತ್ತು. ಒಂದೇ ಜಾಗವನ್ನು ಎರಡು ಕಡೆಯಿಂದ ನೋಡಿದರೆ ಎತ್ತರ ತಗ್ಗು ತಿಳಿಯುತ್ತದೆ. ನಮ್ಮ ಎರಡು ಕಣ್ಣುಗಳೂ ಇದೇ ಕೆಲಸ ಮಾಡುವುದು. ಹಿನ್ನೆಲ ಆ ಜೋಡಿ ಚಿತ್ರಗಳಿಂದ ಹಳೆಯ ನೆಲವನ್ನು ಮೇಲೆಬ್ಬಿಸಿ, ಇಂದಿನ ನೆಲದ ಮೇಲೆ ಗೇಣು ತಪ್ಪದಂತೆ ಕೂರಿಸುತ್ತಿತ್ತು. ಕನ್ನಡಕ ಹಾಕಿಕೊಂಡವರು ಅಜ್ಜನ ಕಾಲದ ಹೊಲದಲ್ಲಿ ನಡೆದಾಡಬಹುದಿತ್ತು.

ನೀಲಂಪುರದಲ್ಲಿ ಅವಳು ಹುಡುಕುತ್ತಿದ್ದದ್ದು ಸುರಂಗ ಬಾವಿ. ಸುಲ್ತಾನರ ಕಾಲದಲ್ಲಿ ಕೆಂಗಲ್ಲನ್ನು ಕೊರೆದು, ಗುಡ್ಡದ ಒರತೆಯನ್ನು ನೆಲದೊಳಗಿನ ಕಾಲುವೆಯಲ್ಲೇ ಊರಿಗೆ ತಂದಿದ್ದರು. ಕಾಲುವೆಯುದ್ದಕ್ಕೂ ಗಾಳಿಗೆ, ಹೂಳು ತೆಗೆಯುವುದಕ್ಕೆ ಬಾವಿಯಂಥ ಬಾಯಿಗಳು. ಮಕ್ಬೂಲ್‌ಸಾಬನ ಮುತ್ತಜ್ಜ ಅವುಗಳಲ್ಲಿ ಇಳಿದು ಹೂಳೆತ್ತುತ್ತಿದ್ದವನು. ಬಾಯಿಗಳು ಮುಚ್ಚಿಹೋಗಿ, ಕಾಲುವೆ ಯಾವ ದಿಕ್ಕಿಗಿತ್ತೆಂಬುದೂ ಮರೆತುಹೋಗಿತ್ತು. ಕಟಗರ ಗಲ್ಲಿಯ ಜನ ಒಂಬತ್ತು ದಿನಕ್ಕೊಮ್ಮೆ ಬರುವ ಟ್ಯಾಂಕರಿಗೆ ಕೊಡ ಇಟ್ಟು ಕಾಯುತ್ತಿದ್ದರು.

ಈಗ ಈ ಬಯಲಿನಲ್ಲಿ ದತ್ತಾಂಶ ಕೇಂದ್ರವೊಂದು ಏಳಲಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿಗೆ ನಗರಸಭೆ ಜಾಗ ಬಿಟ್ಟುಕೊಡುತ್ತದೆ. ಮರುದಿನವೇ ನೆಲದಾಳಕ್ಕೆ ಇನ್ನೂರು ಕಾಂಕ್ರೀಟ್ ಕಂಬ ಇಳಿಯುತ್ತವೆ. ಕೆಳಗೆ ಸುರಂಗವಿದ್ದರೆ ಅಲ್ಲಿಗೆ ಅದರ ಕತೆ ಮುಗಿಯಿತು. “ಸುರಂಗ ಇಲ್ಲೇ ಹಾದದ ಅನ್ನಲಿಕ್ಕೆ ದಾಖಲೆ ತೋರಿಸ್ರಿ,” ಎಂದಿದ್ದಳು ಪೌರಾಯುಕ್ತೆ ತನುಜಾ ಕಿಣಗಿ.

ದಾಖಲೆ ಇತ್ತು. ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಸರ್ಕಾರಿ ವಿಮಾನ ತೆಗೆದ ಚಿತ್ರಗಳು. ಕಾನೂನಿನ ಪ್ರಕಾರ ಅವುಗಳ ಹಕ್ಕಿನ ಅವಧಿ ತೀರಿ ದಶಕಗಳೇ ಆಗಿ, ಅವು ಎಲ್ಲರ ಸ್ವತ್ತಾಗಿದ್ದವು. ಆದರೆ ಮೂಲ ಫಿಲ್ಮು ಹುಳಿವಾಸನೆ ಹಿಡಿದು, ಒಂದಕ್ಕೊಂದು ಅಂಟಿ ಹಾಳಾಗಿತ್ತು. ಹಾಳಾಗುವ ಮುಂಚೆ ‘ಭೂಸಂಪುಟ’ ಎಂಬ ಕಂಪನಿ ಅದನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿ ಚಿತ್ರದ ಮೇಲೂ ಅಡ್ಡಡ್ಡಲಾಗಿ ತನ್ನ ಹೆಸರಿನ ಮೊಹರು ಒತ್ತಿ, ‘ಸರ್ವ ಹಕ್ಕು ನಮ್ಮದು’ ಎಂದು ಅಂತರ್ಜಾಲಕ್ಕೆ ಏರಿಸಿತ್ತು. ವೈಜಯಂತಿ ಮೊಹರಿಲ್ಲದ ಪ್ರತಿ ಕೇಳಿ ಪತ್ರ ಬರೆದಳು. ಬಂದ ಉತ್ತರ: ನೀಲಂಪುರದ ಚಿತ್ರಗಳನ್ನು ದತ್ತಾಂಶ ಕೇಂದ್ರದವರು ಪೂರ್ತಿಯಾಗಿ ತಮಗೇ ಕಾದಿರಿಸಿಕೊಂಡಿದ್ದಾರೆ, ಬೇರೆಯವರಿಗೆ ಲಭ್ಯವಿಲ್ಲ. ಮರುದಿನ ಅವು ಜಾಲತಾಣದಿಂದಲೂ ಮಾಯವಾದವು. ಮೊದಲೇ ಇಳಿಸಿಕೊಂಡಿದ್ದ ಮೊಹರಿನ ಚಿತ್ರಗಳಷ್ಟೇ ಅವಳ ಕೈಯಲ್ಲಿ ಉಳಿದವು.

ಬಯಲಿನಿಂದ ಇಬ್ಬರೂ ಬಸ್ಸಿನಲ್ಲಿ ವಾಪಸಾಗುತ್ತಿದ್ದರು. ಕಿಟಕಿಯ ಗಾಜಿಗೆ ಯಾವುದೋ ಟ್ಯೂಷನ್ ಕ್ಲಾಸಿನ ಚೀಟಿ ಅಂಟಿಸಿದ್ದರು.

“ಈ ಚೀಟಿ ಒಂದು ಕಾಟ ನೋಡ್ರಿ,” ಎಂದ ಮಕ್ಬೂಲ್‌ಸಾಬ. “ಹೊರಗಿಂದು ಅರ್ಧ ನುಂಗ್ತದ. ಪುಣ್ಯಕ್ಕ ಬಸ್ಸು ನಡದದ, ಮುಚ್ಚಿದ್ದ ಗಿಡ ಮತ್ತ ಈಚಿಗಿ ಬರ್ತದ.”

ವೈಜಯಂತಿ ಚೀಟಿಯನ್ನೇ ನೋಡಿದಳು. ಅದರ ಹಿಂದೆ ಅಡಗಿದ ಬೇವಿನಮರ ಒಂದು ಕ್ಷಣದಲ್ಲಿ ಇನ್ನೊಂದು ಅಂಚಿನಿಂದ ಹೊರಬಂತು. ಅವಳು ಆತನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಏನಂದ್ರಿ? ಇನ್ನೊಮ್ಮೆ ಅನ್ರಿ!”

ಬಸ್ಸಿನಲ್ಲಿ ಹೋಗುವಾಗ ಹತ್ತಿರದ ಕಂಬಗಳು ಸರ್ರನೆ ಸರಿಯುತ್ತವೆ, ದೂರದ ಗುಡ್ಡ ನಿಧಾನ, ಚಂದ್ರನಂತೂ ಅಲ್ಲಾಡುವುದೇ ಇಲ್ಲ. ಅಲ್ಲಾಡದ್ದೆಲ್ಲ ಬಲು ದೂರದ್ದು ಎಂಬುದು ಯಂತ್ರದ ಲೆಕ್ಕ. ಮೊಹರು ಎಲ್ಲ ಚಿತ್ರದಲ್ಲೂ ಒಂದೇ ಸ್ಥಳದಲ್ಲಿದ್ದರಿಂದ ಯಂತ್ರ ಅದನ್ನು ಚಂದ್ರನಷ್ಟು ದೂರಕ್ಕೆ ತಳ್ಳಿತ್ತು. ಕೆಳಮುಖವಾದ ಕ್ಯಾಮೆರಾಕ್ಕೆ ದೂರವೆಂದರೆ ಆಳ. ಆ ಪಾತಾಳ ಹುಟ್ಟಿದ್ದು ಹಾಗೆ. ಆದರೆ ಮೊಹರು ನಿಂತಲ್ಲೇ ನಿಂತಿದ್ದರೆ ನೆಲ ಸರಿಯುತ್ತಿತ್ತಲ್ಲ! ಒಂದು ಚಿತ್ರದಲ್ಲಿ ಮುಚ್ಚಿದ್ದು ಪಕ್ಕದ ಚಿತ್ರದಲ್ಲಿ ಬಯಲಾಗಿರಲೇಬೇಕು.

ಐದು ದಿನದಲ್ಲಿ ಹಿನ್ನೆಲ ಆ ವಿದ್ಯೆ ಕಲಿಯಿತು. ಪಾತಾಳ ಮುಚ್ಚಿಕೊಂಡಿತು. ಜೋಳದ ಹೊಲದ ನಡುವೆ ಒಂದರ ಹಿಂದೊಂದು ಮೂವತ್ತೊಂದು ಬಾಯಿಗಳು ಕಂಡವು; ಇರುವೆಗೂಡಿನ ಸುತ್ತ ಮಣ್ಣು ಗುಪ್ಪೆ ಬಿದ್ದಂತೆ ಪ್ರತಿ ಬಾಯಿಯ ಸುತ್ತಲೂ ಹೂಳಿನ ಬಳೆ. ವೈಜಯಂತಿ ಚಿತ್ರಗಳನ್ನೂ ಅವನ್ನು ಬಿಡಿಸಿದ ವಿಧಾನವನ್ನೂ ಅಂದೇ ಎಲ್ಲರಿಗೂ ತೆರೆದಿಟ್ಟಳು. ಕೆಳಗೆ ತನ್ನ ಹೆಸರು, ಮನೆಯ ವಿಳಾಸ ಎರಡನ್ನೂ ಬರೆದಳು.

ವಾರದೊಳಗೆ ಭೂಸಂಪುಟದ ವಕೀಲ ಶ್ರೀನಂದನ್ ಪೌರಾಯುಕ್ತೆಯ ಕೋಣೆಯಲ್ಲಿ ಅವಳೆದುರು ಕೂತಿದ್ದ. ಮಾತು ಮೃದು, ಕಡತ ದಪ್ಪ.

“ಮೇಡಂ, ನಮ್ಮ ಗುರುತನ್ನು ನೀವು ಅಳಿಸಿದ್ದೀರಿ. ಅದು ಅಪರಾಧ.”

“ಅಳಿಸಿಲ್ಲ. ಅದರ ಕೆಳಗೇನಿತ್ತು ಅಂತ ಪಕ್ಕದ ಚಿತ್ರಾನ ಕೇಳೀನಿ. ಅದು ಹೇಳ್ತು.”

“ಈ ಸ್ಕ್ಯಾನುಗಳ ಹಿಂದೆ ನಮ್ಮ ಎಷ್ಟು ವರ್ಷದ ಶ್ರಮ ಇದೆ ಗೊತ್ತೆ ನಿಮಗೆ?”

“ಶ್ರಮಕ್ಕ ಕೂಲಿ ಕೇಳ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಒಡೆತನ ಕೇಳಬ್ಯಾಡ್ರಿ. ಕನ್ನಡಿ ಒರೆಸಿದವರು ಮಾರಿ ನಂದು ಅಂದ್ರ ಹ್ಯಾಂಗ?”

ತನುಜಾ ಕಿಣಗಿ ನಗು ತಡೆದುಕೊಂಡಳು. ಆದರೆ ವಕೀಲ ಕಡತದಿಂದ ನ್ಯಾಯಾಲಯದ ತಾತ್ಕಾಲಿಕ ತಡೆಯಾಜ್ಞೆ ತೆಗೆದು ಮೇಜಿನ ಮೇಲಿಟ್ಟ. ಮೊಕದ್ದಮೆ ಮುಗಿಯುವ ತನಕ ಆ ಚಿತ್ರಗಳನ್ನು ಪರದೆಯ ಮೇಲಾಗಲಿ ಕಾಗದದ ಮೇಲಾಗಲಿ ಯಾರಿಗೂ ತೋರಿಸುವಂತಿಲ್ಲ, ದಾಖಲೆಯಾಗಿ ಒಪ್ಪಿಸುವಂತಿಲ್ಲ. ಪೌರಾಯುಕ್ತೆಯ ಮುಖ ಸಪ್ಪಗಾಯಿತು. “ಮಾನಕರಿ ಮೇಡಂ, ನನ್ನ ಕೈ ಕಟ್ಟಿಹಾಕ್ಯಾರ. ಒಂದನೇ ತಾರೀಖಿಗೆ ಇನ್ನ ಹನ್ನೆರಡು ದಿನ ಅದ,” ಎಂದಳು.

ವೈಜಯಂತಿ ಮನೆಗೆ ಹೋಗಿ ಆಜ್ಞೆಯನ್ನು ಮೂರು ಸಲ ಓದಿದಳು. ಪರದೆ ಎಂದಿತ್ತು, ಕಾಗದ ಎಂದಿತ್ತು. ನೆಲದ ಸುದ್ದಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನಾಲ್ಕು ಚೀಲ ಸುಣ್ಣದಪುಡಿ ಹೊರಿಸಿಕೊಂಡು ಬಯಲಿಗೆ ಹೋದಳು. ಕನ್ನಡಕವನ್ನು ತಾನೊಬ್ಬಳೇ ಹಾಕಿಕೊಂಡು, ಬಾಯಿ ಕಂಡಲ್ಲೆಲ್ಲ ನಿಂತು ಸುತ್ತಲೂ ಸುಣ್ಣ ಚೆಲ್ಲಿದಳು. ಬಿಸಿಲೇರುವಷ್ಟರಲ್ಲಿ ಬಯಲಿನ ಉದ್ದಕ್ಕೂ ಮೂವತ್ತೊಂದು ಬಿಳಿಯ ಬಳೆಗಳು. ಕಟಗರ ಗಲ್ಲಿಯ ಹೆಂಗಸರು ಬಂದರು, ಗಂಡಸರು ಹಾರೆ ಗುದ್ದಲಿ ತಂದರು. ದತ್ತಾಂಶ ಕೇಂದ್ರದವರು ಕರೆಸಿದ ಪೊಲೀಸ್ ಇನ್ಸ್‌ಪೆಕ್ಟರೂ ಬಂದ.

“ಮೇಡಂ, ಚಿತ್ರ ತೋರಿಸಬಾರದಂತ ಆರ್ಡರ್ ಅದ. ಇದೇನ್ರೀ ಮತ್ತ?”

“ಸುಣ್ಣ.”

“ಸುಣ್ಣ ಯಾಕ ಹಾಕೀರಿ?”

“ಹಾಕಬಾರದಂತ ಆರ್ಡರಿನ್ಯಾಗ ಎಲ್ಲದ, ತೋರಿಸ್ರಿ. ಜಾಗಾ ಇವತ್ತಿಗೂ ನಗರಸಭೆದು. ಕಮಿಷನರ್ ಮೇಡಮ್ಮೋರಿಗೆ ಫೋನ್ ಹಚ್ಚಿ ಕೇಳ್ರಿ, ಹುಡುಕು ಗುಂಡಿ ತೋಡಲಿಕ್ಕೆ ನಿನ್ನೆ ರಾತ್ರಿನೇ ಸಹಿ ಮಾಡ್ಯಾರ.”

ಇನ್ಸ್‌ಪೆಕ್ಟರ್ ಫೋನ್ ಹಚ್ಚಿದ. ಆ ಕಡೆಯ ಮಾತು ಕೇಳಿ, ಟೊಪ್ಪಿಗೆ ತೆಗೆದು ಬೇಲಿಯ ನೆರಳಿನಲ್ಲಿ ಕೂತ.

ಮಕ್ಬೂಲ್‌ಸಾಬ ಒಂದೊಂದು ಬಳೆಯೊಳಗೂ ಹಾರೆಯಿಂದ ಕುಟ್ಟಿ ಕಿವಿಗೊಟ್ಟು, ಹದಿನಾಲ್ಕನೆಯದರ ಬಳಿ ನಿಂತ. “ಇದು ಟೊಳ್ಳದ,” ಎಂದ. ಮೂರು ದಿನ ತೋಡಿದರು. ಮೊದಲ ದಿನ ಬರೀ ಮಣ್ಣು, ಒಡೆದ ಬಾಟಲಿ. ಎರಡನೆಯ ದಿನವೂ ಮಣ್ಣೇ, ಜನ ಕರಗತೊಡಗಿದರು. ವೈಜಯಂತಿಗೆ ಊಟ ಸೇರಲಿಲ್ಲ. ಯಂತ್ರ ತಪ್ಪಿದ್ದರೆ ಅವಳ ಹೆಸರು ಹೋದೀತು, ಅದು ಹೋಗಲಿ. ಇಷ್ಟು ಜನರ ಆಸೆಗೆ ಏನು ಹೇಳುವುದು? ಮೂರನೆಯ ದಿನ ಮಧ್ಯಾಹ್ನ ಗುದ್ದಲಿ ಕಲ್ಲಿಗೆ ತಾಗಿತು. ದುಂಡಗೆ ಕೆತ್ತಿದ ಕೆಂಗಲ್ಲಿನ ಕಟ್ಟೆ, ಅದರೊಳಗೆ ಸಡಿಲ ಹೂಳು, ಹೂಳಿನ ಕೆಳಗೆ ಕತ್ತಲು.

ಮಕ್ಬೂಲ್‌ಸಾಬ ಮೊದಲು ದೀಪ ಇಳಿಸಿದ. ದೀಪ ಆರಲಿಲ್ಲ; ಕೆಳಗೆ ಗಾಳಿಯಿತ್ತು. ಎಲ್ಲರೂ ಬೇಡವೆಂದರೂ ಸೊಂಟಕ್ಕೆ ಹಗ್ಗ ಬಿಗಿದು ತಾನೇ ಇಳಿದ. ಅರುವತ್ತಾರು ವರ್ಷದ ಮುದುಕ. ಹಗ್ಗ ಹಿಡಿದವರು ಗೇಣುಗೇಣೇ ಸಡಿಲ ಬಿಟ್ಟರು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಕೂಗು ಕೇಳಿಸಿತು.

“ಅಕ್ಕೋರೆ, ಮೊಣಕಾಲ್ತನಕ ಅದ! ಹರೀಲಿಕ್ಕತ್ಯದ!”

ಹಗ್ಗ ಹಿಡಿದಿದ್ದ ಹೆಂಗಸರಲ್ಲಿ ಒಬ್ಬಳು ಜೋರಾಗಿ ಅತ್ತುಬಿಟ್ಟಳು. ಮೇಲೆ ಬಂದ ಮಕ್ಬೂಲ್‌ಸಾಬ ಒದ್ದೆಯಾದ ಅಂಗೈಯನ್ನು ಇನ್ಸ್‌ಪೆಕ್ಟರನ ಮುಂದೆ ಹಿಡಿದು, “ಇದಕ್ಕೂ ಮೊಹರು ಹಾಕ್ತಾರೇನ್ ಕೇಳ್ರಿ ಸಾಹೇಬ್ರೆ,” ಎಂದ.

ಕಂಬಗಳು ಇಳಿಯಲಿಲ್ಲ. ಮೊಕದ್ದಮೆ ಎರಡು ವರ್ಷ ನಡೆಯಿತು. ವೈಜಯಂತಿ ಪ್ರತಿ ತಾರೀಖಿಗೂ ಹೋದಳು. ಕಂಪನಿ ನಡುವೆ ರಾಜಿಗೆ ಕರೆದು, ನೀಲಂಪುರದ ಚಿತ್ರಗಳನ್ನಷ್ಟೇ ಬಿಟ್ಟುಕೊಡುತ್ತೇವೆಂದಾಗ, “ಎಲ್ಲಾ ಊರಿಂದೂ ಬಿಡ್ರಿ, ಇಲ್ಲಾ ನ್ಯಾಯ ನಡೀಲಿ,” ಎಂದು ಎದ್ದುಬಂದಳು. ಕೊನೆಗೆ ತೀರ್ಪು ಬಂತು: ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿದರೆ ಹೊಸ ಹಕ್ಕು ಹುಟ್ಟುವುದಿಲ್ಲ, ಎಲ್ಲರದ್ದಾದ ಚಿತ್ರ ಎಲ್ಲರದ್ದೇ. ನಾಡಿನ ಲಕ್ಷಾಂತರ ಹಳೆಯ ಚಿತ್ರಗಳು ಮೊಹರಿಲ್ಲದೆ ತೆರೆದುಕೊಂಡವು. ಮುಚ್ಚಿದ ಕೆರೆ, ಅಳಿಸಿದ ದಾರಿ, ನುಂಗಿದ ಗೋಮಾಳ ಹುಡುಕಿಕೊಂಡು ಜನ ಹಿನ್ನೆಲದ ಬಾಗಿಲಿಗೆ ಬರತೊಡಗಿದರು.

ಹಾಗೆ ಬಂದವರಲ್ಲಿ ಒಬ್ಬಳು ಚನ್ನವೀರಮ್ಮ, ಎಪ್ಪತ್ತರ ಮೇಲಿನ ನಿವೃತ್ತ ನರ್ಸು. ಅವಳ ಓಣಿಯ ಹಿಂದೆ ಹೊಂಡವೊಂದಿತ್ತು. ಎರಡು ಸಾವಿರದ ಮೂವತ್ತರ ಆಸುಪಾಸಿನಲ್ಲಿ ಯಾರೋ ತುಂಬಿಸಿ ಮಾರಿಕೊಂಡಿದ್ದರು.

“ಹೊಂಡ ಯಾವಾಗೋ ಬತ್ತಿತ್ತು ಅಂತಾರ ಅವರು. ಎರಡು ಸಾವಿರದ ಇಪ್ಪತ್ತಾರನೇ ಇಸವಿದು ತೋರಿಸ್ರಿ ಸಾಕು. ಆಗ ನೀರು ತುಂಬಿತ್ತು, ನಾನೇ ಕಂಡೀನಿ.”

ವೈಜಯಂತಿ ಹುಡುಕಿದಳು. ಸಾವಿರದ ಒಂಬೈನೂರ ಐವತ್ತನಾಲ್ಕರ ಚಿತ್ರದಲ್ಲಿ ಹೊಂಡ ಕನ್ನಡಿಯಂತೆ ಹೊಳೆಯುತ್ತಿತ್ತು. ಇಪ್ಪತ್ತಾರರದ್ದು ಇರಲಿಲ್ಲ. ಆಗ ಉಪಗ್ರಹಗಳು ದಿನಾ ನೆಲದ ಚಿತ್ರ ತೆಗೆಯುತ್ತಿದ್ದವು. ಆದರೆ ಸರ್ಕಾರಗಳು ಎಲ್ಲರಿಗೂ ಬಿಟ್ಟ ಚಿತ್ರಗಳಲ್ಲಿ ಆ ಹೊಂಡ ಒಂದು ಮಸುಕು ಚುಕ್ಕೆ. ನಿಚ್ಚಳವಾದವೆಲ್ಲ ಕಂಪನಿಗಳ ಸ್ವತ್ತು, ನೋಡಲು ಮಾತ್ರ ಅನುಮತಿ. ಅವುಗಳ ಹಕ್ಕಿನ ಅವಧಿ ಇನ್ನೂ ತೀರಿರಲಿಲ್ಲ. ಕೆಲವು ಕಂಪನಿಗಳು ಮುಚ್ಚಿ, ಚಿತ್ರಗಳೂ ಅವುಗಳ ಜೊತೆಗೇ ಹೋಗಿದ್ದವು.

“ನಿಮ್ಮಜ್ಜನ ಕಾಲದ್ದು ಅದ, ನಿಮ್ಮ ಕಾಲದ್ದು ಇಲ್ಲ,” ಎಂದಳು ವೈಜಯಂತಿ. “ಬಿಡಂಗಿಲ್ಲ, ಅದಕ್ಕೂ ಬಡಿದಾಡೋಣ. ಆದ್ರ ಒಂದು ಮಾತು ಹೇಳ್ರಿ. ಆಗ ನೀವ್ಯಾರೂ ಕೇಳಲಿಲ್ಲೇನು, ಈ ಚಿತ್ರ ಯಾರವು, ನಾಳೆಗೆ ಯಾರ ಹತ್ರ ಇರ್ತಾವ ಅಂತ?”

ಚನ್ನವೀರಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

“ಇಲ್ರೀ,” ಎಂದಳು. “ಫೋನಿನ್ಯಾಗ ಬೆರಳು ಆಡಿಸಿದ್ರ ಸಾಕು, ಇಡೀ ಊರು ಕಾಣ್ತಿತ್ತು. ಕಾಣೋದೆಲ್ಲಾ ನಮ್ಮದೇ ಅಂದ್ಕೊಂಡಿದ್ವಿ.”