ಜಾಗ ತಪ್ಪಿದ ಐವತ್ತನಾಲ್ಕು ಚಿತ್ರ

"ಫಾರ್ಮ್ಯಾಟ್ ಅನ್ನೋ ಮಾತು ನಿಮ್ಮ ಬಾಯಲ್ಲಿ ಬಂದ್ರೆ ಈಗ್ಲೇ ಎದ್ದೋಯ್ತೀನಿ!"

ಮದ್ದೂರಿನ ಪೇಟೆ ಬೀದಿಯ ಆ ಪುಟ್ಟ ಅಂಗಡಿಗೆ ಕಾಲಿಟ್ಟ ದೀಪಿಕ ಉಸಿರು ತಿರುಗಿಸಿಕೊಳ್ಳದೆ ಹಾಗಂದುಬಿಟ್ಟಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡಿದ್ದಳು, ಮೇಜಿನ ಮೇಲೆ ಇಡಲೂ ಮನಸ್ಸಿಲ್ಲದವಳ ಹಾಗೆ.

ಸ್ಕ್ರೂ ಬಿಚ್ಚುತ್ತಾ ಬಗ್ಗಿದ್ದ ಸಿದ್ದೇಶ್ ತಲೆಯೆತ್ತಿದ.

"ಇನ್ನೂ ಕೂತೇ ಇಲ್ವಲ್ಲ ನೀವು, ಎದ್ದೋಗೋದೆಂಗೆ?"

ಅಂಗಡಿಯ ಇನ್ನೊಂದು ಮಗ್ಗುಲಲ್ಲಿ ಮಿಕ್ಸಿ ರಿಪೇರಿ ಮಾಡುತ್ತಿದ್ದ ಬಾಬು ಜಾನ್ ಗೊಳ್ಳೆಂದು ನಕ್ಕ. ವಯಸ್ಸಾದ ಮನುಷ್ಯ, ಬಾಯಿ ಸುಮ್ಮನಿರುವುದಿಲ್ಲ.

"ಕೂತ್ಕೊಳಮ್ಮ. ಇವ್ನು ಒಳ್ಳೆ ಡಾಕ್ಟ್ರು ಕಣಮ್ಮ. ಒಂದೇ ಐಬು, ಮಾತು ಜಾಸ್ತಿ!"

ದೀಪಿಕಳಿಗೆ ನಗು ಬರಲಿಲ್ಲ. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅದನ್ನು ಕಂಡ ಸಿದ್ದೇಶನ ಮುಖ ಬದಲಾಯಿತು. ಕುರ್ಚಿ ಎಳೆದು ಕೊಟ್ಟ.

"ಏನಾಯ್ತು ಹೇಳಿ."

"ಐದು ದಿನದ ಹಿಂದೆ ಅದೇನೋ ಅಪ್‌ಡೇಟ್ ಅಂತ ತಿರುಗ್ತಾ ಇತ್ತು. ಕರೆಂಟು ಹೋಯ್ತು. ಬ್ಯಾಟರಿ ಸತ್ತು ಎಷ್ಟೋ ದಿನ ಆಗೈತೆ, ವೈರು ಇದ್ರೇನೆ ಓಡೋದು. ಅವತ್ತಿಂದ ಆನ್ ಮಾಡಿದ್ರೆ ನೀಲಿ ಬಣ್ಣ ಬತ್ತದೆ, ತಿರ್ಗಾ ಆಫ್ ಆಯ್ತದೆ. ಮಂಡ್ಯದಲ್ಲಿ ತೋರಿಸ್ದೆ. ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಅಂದ್ರು."

"ಒಳಗೇನೈತೆ?"

"ಫೋಟೋ. ಐವತ್ತನಾಲ್ಕು. ಎಲ್ಲಾ ಮುಂದಿನ ಪರದೆ ಮೇಲೇ ಇದ್ವು."

"ಫೋನಲ್ಲಿ ಇಲ್ವಾ?"

"ಆ ಫೋನು ನೀರಿಗೆ ಬಿದ್ದು ವರ್ಷ ಆಯ್ತು."

"ಯಾರ ಫೋಟೋ?"

"ಅದ್ನ ಕಟ್ಕಂಡು ನಿಮ್ಗೇನು? ಹೋಗ್ಬಾರ್ದು, ಅಷ್ಟೆ!"

ಮಾತು ಒರಟಾಯಿತು ಎಂದು ಅವಳಿಗೂ ಗೊತ್ತಾಯಿತು. ಆದರೆ ಹೇಳುವುದಾದರೂ ಏನು? ಹೇಳಿದರೆ ಎದುರಿನವರ ಬಾಯಿಂದ ಮೊದಲು ಹೊರಡುವುದು 'ಅಯ್ಯೋ ಪಾಪ'. ಮೂರು ವರ್ಷದಿಂದ ಆ 'ಪಾಪ'ವನ್ನು ಕೇಳಿ ಕೇಳಿ ದೀಪಿಕಳ ಕಿವಿ ಸವೆದಿತ್ತು.

ಅವಳ ತಾಯಿ ಶಿವನಂಜಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಪೂರ್ತಿ ಹೋಗಿತ್ತು. ಬಲಗಡೆ ಇರುವುದು ಕಣ್ಣಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಆಸ್ಪತ್ರೆಯವರು ಚಿತ್ರಗಳಿದ್ದ ಒಂದು ಹಲಗೆ ಕೊಟ್ಟಿದ್ದರು. ಬೇಕಾದ ಚಿತ್ರದ ಮೇಲೆ ಬೆರಳಿಟ್ಟು ಕೇಳಬೇಕು. ಶಿವನಂಜಮ್ಮ ಅದನ್ನು ಎಡಗೈಯಲ್ಲಿ ಎತ್ತಿ ಮೂಲೆಗೆ ಎಸೆದಿದ್ದರು. ಅದರಲ್ಲಿದ್ದದ್ದು ಯಾರದೋ ಲೋಟ, ಯಾರದೋ ಹಸು!

ಆಗ ದೀಪಿಕ ತಮ್ಮದೇ ಮನೆಯ ಚೊಂಬು, ತಮ್ಮದೇ ತಟ್ಟೆ, ತಮ್ಮದೇ ಕರಿ ಎಮ್ಮೆ, ಪಕ್ಕದ ಮನೆಯ ಪಟ್ಟಲಮ್ಮ... ಒಂದೊಂದನ್ನೂ ಫೋನಿನಲ್ಲಿ ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ತಾಯಿ ಬೆರಳಿಟ್ಟು ಕೇಳತೊಡಗಿದರು. ಜಗಳವಾಡಿದರು. ಒಂದು ದಿನ ಪಟ್ಟಲಮ್ಮನ ಚಿತ್ರವನ್ನೂ ಎಮ್ಮೆಯ ಚಿತ್ರವನ್ನೂ ಒಂದರ ಹಿಂದೊಂದು ಮುಟ್ಟಿ, ಲಕ್ವವಾದ ಮೇಲೆ ಮೊದಲ ಸಲ ಕಿಸಕ್ಕನೆ ನಕ್ಕರು.

ಆ ಮಾತು ನಿಂತು ಈಗ ಐದು ದಿನ. ಬಾವಿಗೆ ಬಿದ್ದವರ ಹಾಗೆ ಮಗಳ ಮುಖವನ್ನೇ ನೋಡುತ್ತಾರೆ.

ಇದೊಂದೂ ಗೊತ್ತಿಲ್ಲದ ಸಿದ್ದೇಶ್, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಈಸಿಕೊಂಡ.

"ನೋಡಿ, ಮನೆ ಹೆಂಚು ಕೆಟ್ಟೋದ್ರೆ ಏನ್ಮಾಡ್ತೀವಿ? ಮೊದ್ಲು ಒಳಗಿನ ಸಾಮಾನು ಪಕ್ಕದ ಮನೇಲಿ ಇಟ್ಟು, ಆಮೇಲೆ ಹೆಂಚಿಗೆ ಕೈ ಹಾಕ್ತೀವಿ. ಇದೂ ಹಂಗೇ. ಡಿಸ್ಕು ಬಿಚ್ಚಿ, ನಿಮ್ಮ ಫೋಟೋ ಎಲ್ಲಾ ನನ್ನ ಕಂಪ್ಯೂಟರ್‌ಗೆ ಎತ್ತಿಟ್ಕೊತೀನಿ. ಆಮೇಲೆ ವಿಂಡೋಸ್ ಸರಿ ಮಾಡಾನ. ಅಳಿಸಾಕಿಲ್ಲ."

"ಆಣೆ ಮಾಡಿ."

"ಮಿಕ್ಸಿ ಮುಟ್ಟಿ ಆಣೆ ಮಾಡ್ಲಾ ಸಿದ್ದೇಶ!" ಎಂದು ಬಾಬು ಜಾನ್ ಕೂಗಿದ.

ಅವಳು ಮನೆಗೆ ಹೋಗಲಿಲ್ಲ. ಪಟ್ಟಲಮ್ಮನಿಗೆ ಫೋನು ಮಾಡಿ, "ಅವ್ವನ್ನ ಒಸಿ ನೋಡ್ಕಳಿ" ಅಂದು ಅಲ್ಲೇ ಕೂತಳು. ಸಿದ್ದೇಶ್ ಡಿಸ್ಕನ್ನು ಹೊರತೆಗೆದು ಇನ್ನೊಂದು ಪೆಟ್ಟಿಗೆಯಲ್ಲಿ ಕೂರಿಸಿ, ವೈರು ಜೋಡಿಸಿದ. ಎಷ್ಟೋ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಫೋಲ್ಡರಿನ ಹಳದಿ ಚೌಕವೊಂದು ಮೂಡಿತು. ಒಳಗೆ ಫೋಟೋ ಐವತ್ತನಾಲ್ಕು!

"ಎಲ್ಲಾ ಅವೆ," ಎಂದ ಅವನು.

ದೀಪಿಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು. ಸಿದ್ದೇಶ್ ಫ್ಯಾನನ್ನು ಅವಳ ಕಡೆಗೆ ತಿರುಗಿಸಿ, ಮತ್ತೆ ಕೆಲಸಕ್ಕೆ ಬಗ್ಗಿದ.

'ಯಾರೋ ಏನೋ... ಒಳ್ಳೆಯವನು,' ಅಂದುಕೊಂಡಳು.

ಆ ಅಭಿಪ್ರಾಯ ಒಂದೇ ದಿನ ಬಾಳಿತು.

ಮಾರನೆಯ ದಿನ ಲ್ಯಾಪ್‌ಟಾಪ್ ತಂದು, ಶಿವಪುರದ ಮನೆಯಲ್ಲಿ ತಾಯಿಯ ಮಂಚದ ಎದುರಿಟ್ಟು ಆನ್ ಮಾಡಿದಳು. ನೀಲಿ ಬಣ್ಣ ಬರಲಿಲ್ಲ. ಶಿವನಂಜಮ್ಮನ ಕಣ್ಣು ಅರಳಿತು. ಎಡಗೈ ಬೆರಳು ತಾನಾಗಿ ಪರದೆಯ ಎಡತುದಿಗೆ ಓಡಿತು, ನೀರಿನ ಚೊಂಬು ಇರುತ್ತಿದ್ದ ಜಾಗಕ್ಕೆ.

ಅಲ್ಲಿ ಚೊಂಬಿರಲಿಲ್ಲ.

ಬೆರಳು ಕೆಳಗೆ ಇಳಿಯಿತು. ಪಕ್ಕಕ್ಕೆ ಸರಿಯಿತು. ಏನೂ ಇಲ್ಲ! ಪರದೆ ಒರೆಸಿದಂತಿತ್ತು. ಮೇಲೆ ಒಂದು ಮೂಲೆಯಲ್ಲಿ ನಾಲ್ಕು ಹಳದಿ ಚೌಕ. ಕೆಳಗೆ ಹೆಸರು: ಮನೆ, ಜನ, ಊಟ, ಇತರೆ.

ಶಿವನಂಜಮ್ಮನಿಗೆ ಓದು ಬರುತ್ತಿರಲಿಲ್ಲ. "ಆ... ಆ..." ಎಂದು ಪರದೆಯನ್ನು ಅಂಗೈಯಿಂದ ಬಡಿದರು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು.

ಅರ್ಧ ಗಂಟೆಯಲ್ಲಿ ದೀಪಿಕ ಅಂಗಡಿಯಲ್ಲಿದ್ದಳು.

"ಏನ್ ಮಾಡಿದ್ದೀರಿ ನೀವು?"

ಸಿದ್ದೇಶ್ ಗಾಬರಿಯಾಗಿ ಎದ್ದ. "ಒಂದೂ ಹೋಗಿಲ್ಲ ಕಣ್ರೀ! ಮುಂದಿನ ಪರದೆ ಮೇಲೆ ಗಲೀಜಾಗಿ ಹರಡ್ಕೊಂಡಿದ್ವು. ಅಲ್ಲಿದ್ರೆ ವಿಂಡೋಸ್ ಕೆಟ್ಟಾಗೆಲ್ಲಾ ಅಪಾಯ. ಅಚ್ಚುಕಟ್ಟಾಗಿ ಬೇರೆ ಬೇರೆ ಮಾಡಿ ಒಳಗಿಟ್ಟೆ. ಎಣಿಸಿ ಬೇಕಾದ್ರೆ..."

"ಗಲೀಜಾ? ಅದು ನಮ್ಮವ್ವನ ಮಾತು ಕಣ್ರೀ!"

ಬಾಬು ಜಾನ್ ಓಡುತ್ತಿದ್ದ ಮಿಕ್ಸಿಯನ್ನು ಆರಿಸಿದ.

ದೀಪಿಕ ಅಳುತ್ತಲೇ ಎಲ್ಲವನ್ನೂ ಹೇಳಿದಳು. ಲಕ್ವ, ಹಲಗೆ, ಚಿತ್ರಗಳು... ಯಾವುದು ಎಲ್ಲಿರಬೇಕು ಎಂದು ತಾಯಿಯೇ ಬೆರಳು ತೋರಿಸಿ ಕೂರಿಸಿಕೊಂಡದ್ದು, ಅವರು ಚಿತ್ರ ಹುಡುಕುವುದು ಕಣ್ಣಿನಿಂದಲ್ಲ, ಜಾಗದಿಂದ ಎನ್ನುವುದು.

"ಎಲ್ಲಾ ಐತೆ ಅಂತೀರಿ. ಎಲ್ಲಾ ಐತೆ, ಅವಳ ಮಾತೊಂದು ಇಲ್ಲ!"

ಅವಳು ಕಾಯುತ್ತಿದ್ದ 'ಅಯ್ಯೋ ಪಾಪ' ಬರಲಿಲ್ಲ. ಸಿದ್ದೇಶ್ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ಫೋಟೋ ಎತ್ತಿಟ್ಟೆ. ಯಾವುದು ಎಲ್ಲಿತ್ತು ಅನ್ನೋದ್ನ ಎತ್ತಿಡ್ಲಿಲ್ಲ. ಅದು ನನ್ನ ತಪ್ಪು. ನಿಮ್ಗೆ ಜ್ಞಾಪಕ ಐತಾ?"

"ಹತ್ತೋ ಹನ್ನೆರಡೋ. ಮಿಕ್ಕಿದ್ದೆಲ್ಲಾ ಅವ್ವನ ಬೆರಳಿಗೇ ಗೊತ್ತು."

"ಹಂಗಾರೆ ಅವರ ಬೆರಳನ್ನೇ ಕೇಳಾನ," ಎಂದ ಸಿದ್ದೇಶ್. "ನಾಳೆ ಮಧ್ಯಾಹ್ನ ಬತ್ತೀನಿ."

ಬರುತ್ತಾನೆಂದು ದೀಪಿಕ ನಂಬಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಬೈಕು ಬಾಗಿಲಲ್ಲಿ ನಿಂತಿತು.

ಶಿವನಂಜಮ್ಮ ಅವನ ಮುಖ ನೋಡಲಿಲ್ಲ. ಅವನು ಬೇಸರಪಟ್ಟುಕೊಳ್ಳಲಿಲ್ಲ. ಮಂಚದ ಎಡಗಡೆ, ಅವರಿಗೆ ಕಾಣುವ ಕಡೆ, ನೆಲದ ಮೇಲೆ ಕೂತ. ಚೊಂಬಿನ ಚಿತ್ರವೊಂದನ್ನೇ ಪರದೆ ತುಂಬಾ ದೊಡ್ಡದು ಮಾಡಿ ತೋರಿಸಿ, ಆಮೇಲೆ ಪರದೆಯನ್ನು ಖಾಲಿ ಮಾಡಿ ಕಾದ.

"ಅವ್ವಾ, ಇದರ ಮನೆ ಎಲ್ಲವ್ವಾ?"

ಬಹಳ ಹೊತ್ತಿನ ಮೇಲೆ ಅವರ ಎಡಗೈ ಬೆರಳು ಎಡತುದಿಯನ್ನು ಮುಟ್ಟಿತು. ಅವನು ಚೊಂಬನ್ನು ಅಲ್ಲಿ ಕೂರಿಸಿದ. ಬೆರಳು ಅಲ್ಲಾಡಿತು, ಇನ್ನೂ ಒಂಚೂರು ಕೆಳಗೆ! ಕೂರಿಸಿದ. ಶಿವನಂಜಮ್ಮ ಮುಖ ತಿರುಗಿಸಿ ಮೊದಲ ಸಲ ಅವನನ್ನು ನೋಡಿದರು.

ಅವತ್ತು ನಾಲ್ಕೇ ಚಿತ್ರ. ಅಷ್ಟರಲ್ಲಿ ಅವರು ದಣಿದರು. ನಾಲ್ಕರಲ್ಲಿ ಎರಡು ಅವರದೇ ಕೈಯ ಫೋಟೋ: ಅಂಗೈ ಚಾಚಿದ್ದರೆ 'ಬೇಕು', ಮಗುಚಿದ್ದರೆ 'ಬೇಡ'.

ಅವನು ಮರುದಿನವೂ ಬಂದ. ಅದರ ಮರುದಿನವೂ. ಒಂದು ವಾರ ಕಳೆಯುವಷ್ಟರಲ್ಲಿ, ಮಧ್ಯಾಹ್ನ ಎರಡಾಗುತ್ತಿದ್ದಂತೆ ದೀಪಿಕಳ ಹೊಲಿಗೆ ಮಿಷನ್ನು ತಾನಾಗಿ ನಿಧಾನವಾಗತೊಡಗಿತು. ರವಿಕೆಯ ತೋಳಿಗೆ ಕುತ್ತಿಗೆ ಪಟ್ಟಿ ಹಚ್ಚಿ ಬಿಚ್ಚಿದ್ದೂ ಆಯಿತು.

'ಏನಾಗೈತೆ ನಿಂಗೆ?' ಎಂದು ತನ್ನನ್ನೇ ಬೈದುಕೊಂಡಳು.

ಒಂದು ದಿನ ಅವಳ ತಂದೆ ಕೆಂಪಯ್ಯನ ಚಿತ್ರ ಬಂತು. ತೀರಿಕೊಳ್ಳುವ ವರ್ಷ ಮುತ್ತತ್ತಿಯಲ್ಲಿ, ಪಂಚೆ ಎತ್ತಿ ಕಟ್ಟಿ ಕಾವೇರಿಯಲ್ಲಿ ಕಾಲಿಟ್ಟು ನಿಂತದ್ದು. ಶಿವನಂಜಮ್ಮನ ಬೆರಳು ಪರದೆಯ ಬಲತುದಿಗೆ, ಅವರಿಗೆ ಕಾಣದ ಕಡೆಗೆ ಹೋಯಿತು.

"ಆಗ್ಲೂ ಅಲ್ಲೇ ಇಡಿಸಿದ್ಲು," ಎಂದಳು ದೀಪಿಕ ತಗ್ಗಿದ ದನಿಯಲ್ಲಿ. "ಬುಟ್ಟೋದ್ರು ಅಂತ ಅಪ್ಪನ ಮೇಲೆ ಇನ್ನೂ ಕ್ವಾಪವೋ ಏನೋ."

ಸಿದ್ದೇಶ್ ಅಲ್ಲವೆಂಬಂತೆ ತಲೆಯಾಡಿಸಿದ. "ಎದುರಿಗೇ ಇದ್ರೆ ದಿನವೆಲ್ಲಾ ಕಣ್ಣಿಗೆ ಬೀಳ್ತಾರಲ್ರೀ, ತಡಕೊಳ್ಳೋದೆಂಗೆ? ಅಲ್ಲಿದ್ರೆ ಬೇಕಂದಾಗ ತಿರುಗಿ ನೋಡ್ಬೋದು."

ಹೇಳಿದ ಹಾಗೆಯೇ ಶಿವನಂಜಮ್ಮ ಇಡೀ ತಲೆಯನ್ನು ಮೆಲ್ಲಗೆ ಬಲಕ್ಕೆ ಹೊರಳಿಸಿ ಗಂಡನನ್ನು ನೋಡಿದರು. ಮತ್ತೆ ಮೆಲ್ಲಗೆ ಈ ಕಡೆ ತಿರುಗಿದರು.

ಮೂರು ವರ್ಷ ತನಗೆ ತಿಳಿಯದೇ ಹೋದ ಅವ್ವನ ಮನಸ್ಸು ಇವನಿಗೆ ಹೇಗೆ ತಿಳಿಯಿತು? ದೀಪಿಕ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟಳು.

ಅವಳಿಗೆ ಎರಡು ಸಂಬಂಧ ಬಂದು ಹೋಗಿದ್ದವು. 'ಅವ್ವನೂ ನನ್ನ ಜೊತೆ ಬತ್ತಾಳೆ' ಅಂದದ್ದಕ್ಕೆ ಮೊದಲನೆಯವರು ನಕ್ಕಿದ್ದರು, ಎರಡನೆಯವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದಿದ್ದರು. ಆಮೇಲೆ ಆ ಬಾಗಿಲನ್ನು ಅವಳೇ ಮುಚ್ಚಿದ್ದಳು. 'ಇವನು ಬರೋದು ತಪ್ಪು ತಿದ್ದಕ್ಕೆ ಕಣೇ. ತಿದ್ದಿ ಆದ್ಮೇಲೆ ಯಾಕೆ ಬತ್ತಾನೆ?'

ಹನ್ನೊಂದನೆಯ ದಿನ ಉಳಿದದ್ದು ಒಂದೇ ಚಿತ್ರ. ಅದು ದೀಪಿಕಳದೇ.

ಅವಳಿಗೆ ಯಾಕೋ ಸಿಟ್ಟು ಬಂತು. ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಅಂದಳು:

"ಇವತ್ತಿಗೆ ಮುಗೀತು. ನಿಮ್ಮ ತಪ್ಪಿನ ಭಾರ ಇಳೀತು ಬುಡಿ."

ಸಿದ್ದೇಶನ ಕೈ ನಿಂತಿತು.

"ಭಾರ ಅಂದ್ಕೊಂಡಿದ್ರಾ ಇಷ್ಟು ದಿನ?"

"ಮತ್ತೇನು? ಅಂಗಡಿ ಬಾಗಿಲು ಹಾಕಿ ಸುಮ್ಸುಮ್ನೆ ಯಾರು ಬತ್ತಾರೆ?"

ಅವನ ಮುಖ ಬಾಡಿತು. ಪರದೆಯ ಕಡೆ ತಿರುಗಿ, "ಅವ್ವಾ, ಇವರ ಮನೆ ಎಲ್ಲಿ?" ಎಂದ.

ಬೆರಳು ತಡಮಾಡಲಿಲ್ಲ. ಪರದೆಯ ನಡುಮಧ್ಯ, ಒಂಚೂರು ಎಡಕ್ಕೆ. ಕಣ್ಣು ಬಿಟ್ಟರೆ ಮೊದಲು ಕಾಣುವ ಜಾಗ.

ಮಗಳನ್ನು ಅಲ್ಲಿ ಕೂರಿಸಿದ. ಆಮೇಲೆ ಇಡೀ ಪರದೆಯ ಚಿತ್ರ ಹಿಡಿದು, ಐವತ್ತನಾಲ್ಕನ್ನೂ ಎರಡು ಪೆನ್‌ಡ್ರೈವಿಗೆ ತುಂಬಿ ಮಂಚದ ಮೇಲಿಟ್ಟ.

"ಇನ್ಮೇಲೆ ಏನೇ ಕೆಟ್ರೂ ಜಾಗದ ಸಮೇತ ಸಿಕ್ತವೆ. ಹೊಸ ಬ್ಯಾಟರೀನೂ ಹಾಕಿದ್ದೀನಿ."

ಅಷ್ಟಾದರೂ ಅವನು ಏಳಲಿಲ್ಲ. ಶಿವನಂಜಮ್ಮನನ್ನೇ ನೋಡುತ್ತಾ ಕೂತ. ಆಮೇಲೆ ಮೆಲ್ಲಗೆ ತನ್ನ ಬೆರಳನ್ನು ಚಾಚಿ ಪರದೆ ಮುಟ್ಟಿದ. ಮೊದಲು ದೀಪಿಕಳ ಚಿತ್ರ.

ಅದರ ಹಿಂದೆಯೇ, ಚಾಚಿದ ಅಂಗೈಯದು.

ಹೊಲಿಗೆ ಮಿಷನ್ನು ನಿಂತುಹೋಯಿತು.

ಶಿವನಂಜಮ್ಮ ಅವನನ್ನು ನೋಡಿದರು, ಪರದೆಯನ್ನು ನೋಡಿದರು. 'ಇನ್ನೊಂದ್ಸಲ' ಎಂಬಂತೆ ಗದ್ದ ಎತ್ತಿದರು. ಅವನು ಮತ್ತೆ ಮುಟ್ಟಿದ. ದೀಪಿಕ. ಬೇಕು.

ಅವರ ಕಣ್ಣು ತುಂಬಿತು. ಬೆರಳೆತ್ತಿದರು, ಆದರೆ ಯಾವ ಚಿತ್ರವನ್ನೂ ಮುಟ್ಟಲಿಲ್ಲ. ಮಿಷನ್ನಿನ ಮುಂದೆ ಕಲ್ಲಾಗಿ ಕೂತಿದ್ದ ಮಗಳ ಕಡೆಗೇ ನೇರವಾಗಿ ತೋರಿಸಿದರು. ಅವಳನ್ನು ಕೇಳು!

ಸಿದ್ದೇಶ್ ಎದ್ದು ನಿಂತ. ಮಿಷನ್ನಿನ ಕಡೆ ತಿರುಗಿದ.

"ನಾನು... ಅವ್ವನ್ನ ಬುಟ್ಟು ಎಲ್ಲಿಗೂ ಬರಾಕಿಲ್ಲ," ಎಂದಳು ದೀಪಿಕ. ಕಣ್ಣೀರು ಕೆನ್ನೆಗಿಳಿದಿತ್ತು.

"ನಾನು ಕರೆದ್ನಾ? ನಾನೇ ಇಲ್ಲಿಗೆ ಬತ್ತೀನಿ ಅಂತಿರೋದು. ನಮ್ಮೂರು ಮಳವಳ್ಳಿಯಿಂದ ದಿನಾ ಬೈಕು ಓಡ್ಸೋದು ನಂಗೂ ಸಾಕಾಗೈತೆ."

"ಜನ ಮನೆ ಅಳಿಯ ಅಂತ ಆಡ್ಕೊತಾರೆ."

"ಬಾಬಣ್ಣ ಆಗ್ಲೇ ಅಂತಾವ್ನೆ. ವಾರದಿಂದ ಅಂಗಡೀಲಿ ನಂಗೆ ಅದೇ ಹೆಸ್ರು!"

ಅಳುತ್ತಿದ್ದವಳು ನಕ್ಕುಬಿಟ್ಟಳು. ಮಂಚದ ಮೇಲಿಂದ ಶಿವನಂಜಮ್ಮನ ಕಿಸಕ್ಕನೆಯ ನಗುವೂ ಕೇಳಿಸಿತು.

ಅವನು ಚೀಲ ಹೆಗಲಿಗೇರಿಸಿಕೊಂಡು ಹೊಸಿಲು ದಾಟಿದ. ಅವಳು ಬಾಗಿಲವರೆಗೆ ಹಿಂದೆಯೇ ಬಂದಳು.

"ನಾಳೆ ಬತ್ತೀರಾ?"

"ರಿಪೇರಿ ಏನೂ ಉಳಿದಿಲ್ವಲ್ಲ."

"ರಿಪೇರಿಗಲ್ಲ... ಊಟಕ್ಕೆ. ಅವ್ವ ಕರೀತಾವ್ಳೆ."

"ಅವ್ವ ಮಾತ್ರನಾ?"

ದೀಪಿಕ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಕಣ್ಣೆತ್ತಿ ಅವನನ್ನೇ ನೋಡಿದಳು.

"ನಾನೂವೆ."