ರಾಜನ ಅಂಗಿಯ ಹೊಲಿಗೆ

ಮಂಗಳವಾರ ಮಧ್ಯಾಹ್ನ ಎರಡೂವರೆಗೆ ನಾಟಕ ತಂಡದ ನಿರ್ದೇಶಕರು ಠಾಣೆಗೆ ಬಂದು ದೂರು ಕೊಟ್ಟರು. ಮಧ್ಯಯುಗದ ರಾಜನೊಬ್ಬನ ನಾಟಕ, ಶುಕ್ರವಾರ ಮೊದಲ ಪ್ರದರ್ಶನ. ಎಲ್ಲರೂ ಊಟಕ್ಕೆ ಹೋಗಿದ್ದಾಗ ಯಾರೋ ವೇಷದ ಕೋಣೆಗೆ ನುಗ್ಗಿ ರಾಜನ ಮಖಮಲ್ ನಿಲುವಂಗಿಯನ್ನು ಚಿಂದಿ ಮಾಡಿದ್ದರಂತೆ. ಕಬ್ಬಿಣದ ಎದೆಗವಚವನ್ನು ಮೈಗೆ ಬಿಗಿಯುವ ಚರ್ಮದ ಪಟ್ಟಿಗಳೂ ಕಾಣೆಯಾಗಿದ್ದವು. ಯಾರ ಮೇಲೆ ಅನುಮಾನ ಎಂದು ಇನ್‌ಸ್ಪೆಕ್ಟರ್ ಕೇಳಿದಾಗ ನಿರ್ದೇಶಕರು ತಡವರಿಸಲಿಲ್ಲ. ಸೇನಾಪತಿಯ ಪಾತ್ರದವನು ರಾಜನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಕಾದು ಕೂತಿದ್ದಾನೆ ಎಂದರು.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಒಬ್ಬರನ್ನು ಕರೆದುಕೊಂಡು ರಂಗಮಂದಿರಕ್ಕೆ ಹೋದರು.

ಕೋಣೆಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಮೊಳೆಗೆ ತೂಗುಹಾಕಿದ ಮರದ ಕತ್ತಿಗಳು, ಬೆಳ್ಳಿಬಣ್ಣ ಇನ್ನೂ ಒಣಗದ ಶಿರಸ್ತ್ರಾಣ ಇದ್ದವು. ನೆಲದ ಮೇಲೆ ಅಂಗಿಯ ತೋಳು ಒಂದು ಕಡೆ, ಬೆನ್ನು ಇನ್ನೊಂದು ಕಡೆ ಬಿದ್ದಿತ್ತು. ಪಂಚರ ಎದುರು ಪಂಚನಾಮೆ ಶುರುವಾಯಿತು. ಕಾನ್‌ಸ್ಟೆಬಲ್ 'ಹರಿದ ಬಟ್ಟೆ' ಎಂದು ಬರೆಯಹೊರಟಾಗ ಇನ್‌ಸ್ಪೆಕ್ಟರ್ ತಡೆದರು.

"ಹರಿದಿಲ್ಲಮ್ಮ. ಎಲ್ಲಾದ್ರೂ ಒಂದು ಎಳೆ ಕಿತ್ತು ಬಂದಿದ್ಯಾ ನೋಡು."

ಬಂದಿರಲಿಲ್ಲ. ತೋಳು, ಬಗಲು, ಕೊರಳಪಟ್ಟಿ ಎಲ್ಲೆಡೆ ಹೊಲಿಗೆಯ ನೂಲನ್ನಷ್ಟೇ ಬಿಚ್ಚಲಾಗಿತ್ತು. ಮಖಮಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಸಿಟ್ಟಲ್ಲಿ ಬಂದವನು ಕತ್ತರಿ ಹಾಕ್ತಾನೆ. ಇದನ್ನ ಬಿಚ್ಚಿದವರಿಗೆ ಬಟ್ಟೆ ಹಾಳು ಮಾಡೋಕೆ ಮನಸ್ಸೇ ಬಂದಿಲ್ಲ."

ಸೇನಾಪತಿಯನ್ನು ಕರೆಸಿ, ಒಂದು ಹಳೆಯ ಅಂಗಿಯ ಹೊಲಿಗೆ ಬಿಚ್ಚಲು ಹೇಳಿದರು. ಅವನು ಮೊದಲ ಎಳೆತಕ್ಕೇ ತೋಳನ್ನು ಪರ್ರನೆ ಸೀಳಿದ.

"ರಾಜ ಆಗೋ ಆಸೆ ಇರೋದು ನಿಜ ಸರ್," ಎಂದ. "ಆದ್ರೆ ಅಂಗಿ ಇಲ್ಲದ ರಾಜ ಆಗಿ ಏನ್ ಮಾಡ್ಲಿ?"

ಅವನನ್ನು ಕಳುಹಿಸಿಬಿಟ್ಟರು. ತಂಡದಲ್ಲಿ ಸೂಜಿ ಹಿಡಿಯುವವರು ಒಬ್ಬರೇ ಇದ್ದರು. ವೇಷಭೂಷಣ ನೋಡಿಕೊಳ್ಳುವ ಅವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ರಾಜನ ಪಾತ್ರದ ನಟನಿಗಂತೂ ಅವರು ಸ್ವಂತ ಅಕ್ಕ, ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವರು. ಅಂಗಿ ಮತ್ತೆ ಹೊಲಿಯಲು ಎರಡು ವಾರ ಬೇಕು ಎಂದು ಆಗಲೇ ನಿರ್ದೇಶಕರಿಗೆ ಹೇಳಿದ್ದರು.

"ಊಟಕ್ಕೆ ಹೋಗಿದ್ರಾ?"

"ಹಸಿವಿರಲಿಲ್ಲ."

"ಪಟ್ಟಿಗಳೆಲ್ಲಿ?"

ಅಕ್ಕ ಎದ್ದು ಯಂತ್ರದ ಮುಚ್ಚಳ ತೆಗೆದರು. ಪಟ್ಟಿಗಳು ನೀಟಾಗಿ ಸುರುಳಿ ಸುತ್ತಿಕೊಂಡು ಒಳಗಿದ್ದವು.

"ಯಾಕಮ್ಮ?"

"ಒಂದು ತಿಂಗಳಿಂದ ಅವನ ಅಂಗಿ ಸಡಿಲ ಮಾಡ್ತಾನೇ ಇದೀನಿ ಸರ್. ದಪ್ಪ ಆಗಿದೀನಿ ಅಂತಾನೆ. ದಪ್ಪ ಆಗೋನ ಕೆನ್ನೆ ಒಳಗೆ ಹೋಗುತ್ತಾ? ಬೆಳಿಗ್ಗೆ ಹಿಡಿಸಿದ ಬೂಟು ಸಂಜೆ ಹಿಡಿಸಲ್ಲ. ನಮ್ಮಪ್ಪನಿಗೂ ಹಿಂಗೇ ಕಾಲು ಊದೋದ್ರಿಂದ ಶುರುವಾಗಿದ್ದು. ಡಾಕ್ಟರ್ ಹತ್ರ ಹೋಗು ಅಂದ್ರೆ ನಾಟಕ ಮುಗೀಲಿ ಅಂತಾನೆ. ಆ ಕಬ್ಬಿಣ ಹೊತ್ಕೊಂಡು ಕೋಟೆ ಮೆಟ್ಟಿಲು ಹತ್ತಬೇಕು ಅವನು. ನಾಟಕ ಮುಗಿಯೋದ್ರೊಳಗೆ ಅವನೇ ಮುಗೀತಾನೆ."

ನಿರ್ದೇಶಕರು ದೂರು ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ. ಇನ್‌ಸ್ಪೆಕ್ಟರ್ ಒತ್ತಾಯಿಸಲೂ ಇಲ್ಲ. ಸಂಜೆ ಐದಕ್ಕೆ ಮಹಿಳಾ ಕಾನ್‌ಸ್ಟೆಬಲ್ ಅಕ್ಕನನ್ನು ಬಂಧಿಸಿದರು. ಬಂಧನದ ವಿಷಯವನ್ನು ರಕ್ತಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಇದ್ದವನು ತಮ್ಮನೊಬ್ಬನೇ. ಮಾನ ಕಳೆದೆಯಲ್ಲ ಎಂದು ಗೊಣಗಿ, ಅಕ್ಕನ ಮುಖ ನೋಡದೆ ಅವನು ಸಹಿ ಹಾಕಿದ.

"ಬಂಧಿತರನ್ನ ವೈದ್ಯಕೀಯ ತಪಾಸಣೆಗೆ ಕರ್ಕೊಂಡು ಹೋಗ್ಬೇಕು," ಎಂದರು ಇನ್‌ಸ್ಪೆಕ್ಟರ್. "ಸಹಿ ಹಾಕಿದವರೂ ಜೊತೆಗೆ ಬರ್ಬೇಕು. ರೂಲ್ಸ್."

ಕಾನ್‌ಸ್ಟೆಬಲ್ ತಲೆಯೆತ್ತಿ ನೋಡಿದರು. ಅಂಥ ರೂಲ್ಸನ್ನು ಅವರು ತಮ್ಮ ಸರ್ವೀಸಿನಲ್ಲೇ ಕೇಳಿರಲಿಲ್ಲ. ಆದರೂ ಜೀಪಿನ ಬಾಗಿಲು ತೆಗೆದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಕ್ಕನ ನಾಡಿ ಹಿಡಿದು, ಬಿಪಿ ನೋಡಿ, ಇವರು ಚೆನ್ನಾಗಿದ್ದಾರೆ ಎಂದು ಬರೆದರು. ಆಮೇಲೆ ಅವರ ಕಣ್ಣು ಬೆಂಚಿನ ಮೇಲೆ ಏದುಸಿರು ಬಿಡುತ್ತಿದ್ದ ತಮ್ಮನ ಮೇಲೆ ಬಿತ್ತು. ಪ್ಯಾಂಟು ಮೇಲೆತ್ತಲು ಹೇಳಿ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಅವನು ಉತ್ತರಕ್ಕಾಗಿ ಅಕ್ಕನ ಕಡೆ ತಿರುಗಿದ. ಡಾಕ್ಟರಮ್ಮ ನರ್ಸನ್ನು ಕೂಗಿ ಗಾಲಿಕುರ್ಚಿ ತರಿಸಿದರು.

ಕುರ್ಚಿ ವಾರ್ಡಿನ ಬಾಗಿಲು ದಾಟಿ ಮರೆಯಾಗುವವರೆಗೂ ಅಕ್ಕ ನಿಂತಲ್ಲಿಂದ ಕದಲಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ಕಾನ್‌ಸ್ಟೆಬಲ್ ಹತ್ತಿರ ಬಂದರು.

"ನಡಿಯಮ್ಮ, ಈಗ ಎಲ್ಲಿಗೆ ಬೇಕಾದ್ರೂ ಬರ್ತೀನಿ."